ಗೊರಟೆಯ ಬುತ್ತಿ, ಕಿಟಕಿಯ ಬೆಳಕು

ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನ ಕುಲಗೋಡ ನಮ್ಮೂರು. ಶ್ರೀಕೃಷ್ಣ ಪಾರಿಜಾತ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಎಂದರೆ ಹಲವರಿಗೆ ಗುರುತು ಸಿಗುತ್ತದೆ. ಅಲ್ಲಿ ನಮ್ಮ ಹೊಲದ ಬದುವಿನಲ್ಲಿ ಅಜ್ಜ ನೆಟ್ಟ ಜವಾರಿ ಮಾವಿನ ಮರವೊಂದಿದೆ. ಎರಡು ವರ್ಷಗಳ ಹಿಂದೆ ಗಾಳಿಗೆ ಅದರ ಅರ್ಧ ಭಾಗ ಸೀಳಿ ಬಿತ್ತು. ಆ ಬೇಸಿಗೆಯಲ್ಲಿ ಅವ್ವ ನಾಲ್ಕು ಗೊರಟೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, "ಗಿಡ ಹೋಗೂದರೊಳಗ ಇವನ್ನ ನಿನ್ನ ಮನ್ಯಾಗ ಹಚ್ಚಪಾ" ಎಂದಳು. ನನ್ನ ಮನೆ ಎಂದರೆ ಬೆಂಗಳೂರಿನಲ್ಲಿ ಎರಡನೆಯ ಮಹಡಿಯ, ಎರಡು ಕೋಣೆಗಳ ಫ್ಲಾಟ್.

ಒದ್ದೆ ಬಟ್ಟೆ ಸುತ್ತಿದ್ದು ಸರಿಯಾದ ಕ್ರಮವೇ. ಕಡಲೆ, ಜೋಳದ ಬೀಜಗಳು ಒಣಗಿದಷ್ಟೂ ಹೆಚ್ಚು ಕಾಲ ಬಾಳುತ್ತವೆ. ಮಾವು, ಹಲಸಿನ ಬೀಜಗಳು ಹಾಗಲ್ಲ. ಒಣಗಿದರೆ ಒಳಗಿನ ಭ್ರೂಣವೇ ಸಾಯುತ್ತದೆ. ಗಟ್ಟಿ ಕವಚ ಬಿಡಿಸಿ ಕುಂಡದಲ್ಲಿಟ್ಟ ನಾಲ್ಕರಲ್ಲಿ ಮೂರು ಮೊಳೆತವು. ಟಿ.ವಿ. ಪಕ್ಕದಲ್ಲಿಟ್ಟಿದ್ದರೂ ಒಂದು ತಿಂಗಳಲ್ಲಿ ತಾಮ್ರ ಬಣ್ಣದ ಎಲೆ ಬಿಟ್ಟು ಗೇಣುದ್ದ ಬೆಳೆದವು. ಮೂರನೆಯ ತಿಂಗಳಿಗೆ ಕಾಂಡ ಸಣಕಲಾಗಿ, ಎಲೆ ಬಿಳಿಚಿ, ಒಂದು ಸಸಿ ಸತ್ತಿತು.

ಇಲ್ಲಿ ಎರಡು ಮೋಸಗಳಿವೆ. ಮೊದಲನೆಯದು ಗೊರಟೆಯದು. ಮಾವಿನ ದಪ್ಪ ಬೀಜದಳಗಳಲ್ಲಿ ತಾಯಿಮರ ಕಟ್ಟಿಕೊಟ್ಟ ಪಿಷ್ಟದ ಬುತ್ತಿ ಇರುತ್ತದೆ. ಅದು ಇರುವತನಕ ಸಸಿ ಕತ್ತಲಲ್ಲೂ ಬೆಳೆಯುತ್ತದೆ. ಅದು ಬೆಳಕಿನಿಂದ ಬಂದ ಬೆಳವಣಿಗೆಯೆಂದು ನಾವು ತಪ್ಪು ತಿಳಿಯುತ್ತೇವೆ.

ಎರಡನೆಯ ಮೋಸ ನಮ್ಮ ಕಣ್ಣಿನದು. ಕಣ್ಣು ಬೆಳಕನ್ನು ಹೆಚ್ಚುಕಡಿಮೆ ಲಾಗರಿದಮ್ ಪ್ರಮಾಣದಲ್ಲಿ ಗ್ರಹಿಸುತ್ತದೆ. ನೂರು ಪಟ್ಟು ವ್ಯತ್ಯಾಸ ನಮಗೆ 'ಸ್ವಲ್ಪ ಮಬ್ಬು' ಎಂದಷ್ಟೇ ತೋರುತ್ತದೆ. ಮೊಬೈಲ್ ಫೋನಿನ ಬೆಳಕು ಸಂವೇದಕದಿಂದ ಒಂದು ಬೆಳಿಗ್ಗೆ ಅಳೆದೆ. ತಾರಸಿಯ ಬಿಸಿಲಿನಲ್ಲಿ ಸುಮಾರು 95,000 ಲಕ್ಸ್. ಕಿಟಕಿಯಿಂದ ಒಂದು ಮೀಟರ್ ಒಳಗೆ 900. ಮೂರು ಮೀಟರ್ ಒಳಗಿನ ಟಿ.ವಿ. ಬಳಿ 110. ಅಲ್ಲಿ ನಾನು ಪತ್ರಿಕೆ ಓದುತ್ತಿದ್ದೆ, ಮಾವು ಉಪವಾಸವಿತ್ತು! ಫೋನಿನ ಅಳತೆ ನಿಖರವಲ್ಲ, ಆದರೆ ಒಂದೇ ಫೋನಿನಲ್ಲಿ ಅಳೆದ ಸಂಖ್ಯೆಗಳ ಅನುಪಾತವನ್ನು ನಂಬಬಹುದು. ವಿದ್ಯಾರ್ಥಿಗಳಿಂದ ತರಗತಿಯಲ್ಲೇ ಮಾಡಿಸಬಹುದಾದ ಪ್ರಯೋಗವಿದು.

ಗಿಡ ಹಗಲಿರುಳೂ ಉಸಿರಾಡುತ್ತದೆ, ಅಂದರೆ ಸಕ್ಕರೆಯನ್ನು ಖರ್ಚು ಮಾಡುತ್ತಲೇ ಇರುತ್ತದೆ. ದ್ಯುತಿಸಂಶ್ಲೇಷಣೆಯ ಗಳಿಕೆ ಈ ಖರ್ಚಿಗೆ ಸಮನಾಗುವ ಬೆಳಕಿನ ಮಟ್ಟವೇ ಪರಿಹಾರ ಬಿಂದು. ಕಾಡಿನ ನೆರಳಲ್ಲಿ ಹುಟ್ಟಿದ ಮನಿ ಪ್ಲಾಂಟ್‌ಗೆ ಅದು ಕೆಳಗಿದೆ, ಬಿಸಿಲಿನ ಮರವಾದ ಮಾವಿಗೆ ಮೇಲಿದೆ. ಅದಕ್ಕಿಂತ ಕಡಿಮೆ ಬೆಳಕಿನಲ್ಲಿ ಎಷ್ಟೇ ಗೊಬ್ಬರ ಹಾಕಿದರೂ ಸಸಿ ಸಾಲದಲ್ಲೇ ಇರುತ್ತದೆ. ನೀರು ಹೆಚ್ಚು ಹಾಕಿದರಂತೂ ಕೆಡುಕೇ. ಬೆಳಕು ಕಡಿಮೆಯಾದಾಗ ಎಲೆಗಳಿಂದ ಬಾಷ್ಪವಿಸರ್ಜನೆಯೂ ಕಡಿಮೆ. ಮಣ್ಣಿನಲ್ಲಿ ನೀರು ನಿಂತು, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಬಾಡಿದ ಸಸಿಗೆ ಮತ್ತಷ್ಟು ನೀರು ಸುರಿದವರಲ್ಲಿ ನಾನೂ ಒಬ್ಬ.

ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕುಗ್ಗುವ ನಿಯಮ ಕಿಟಕಿಗೆ ಅನ್ವಯಿಸುತ್ತದೆಯೇ? ಪೂರ್ತಿ ಇಲ್ಲ. ಆ ನಿಯಮ ಬಿಂದು ಆಕರಕ್ಕೆ. ಕಿಟಕಿ ಅಗಲವಾದ ಆಕರ. ಲೆಕ್ಕಕ್ಕೆ ಬರುವುದು ಎಲೆಯ ಜಾಗದಿಂದ ಕಿಟಕಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಅಂದರೆ ಘನ ಕೋನ. 1.2 ಮೀಟರ್ ಚೌಕದ ಕಿಟಕಿಗೆ ಒಂದು ಮೀಟರ್ ದೂರದಲ್ಲಿ ಇದು ಸುಮಾರು 1.07 ಸ್ಟೆರೇಡಿಯನ್, ಮೂರು ಮೀಟರಿನಲ್ಲಿ 0.15. ಏಳು ಪಟ್ಟು ಇಳಿಕೆ. ವಿಲೋಮ ವರ್ಗ ನಿಯಮ ಹೇಳುವುದು ಒಂಬತ್ತು ಪಟ್ಟು. ಎದುರಿನ ಕಟ್ಟಡ ಆಕಾಶವನ್ನು ಮುಚ್ಚಿದ್ದರೆ ಅಷ್ಟು ಭಾಗ ಕಳೆಯಬೇಕು.

ವಿದೇಶಿ ಪುಸ್ತಕಗಳು ದಕ್ಷಿಣದ ಕಿಟಕಿಯನ್ನು ಹೊಗಳುತ್ತವೆ. ನಮಗೆ ಅದು ಅರ್ಧ ನಿಜ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ವರ್ಷವಿಡೀ ಬಿಸಿಲು ಸಿಗುವುದು ಪೂರ್ವ ಅಥವಾ ಪಶ್ಚಿಮದ ಬಾಲ್ಕನಿಯಲ್ಲಿ.

ಬಲ್ಬಿನ ಬೆಳಕಿಗಾದರೆ ವಿಲೋಮ ವರ್ಗ ನಿಯಮ ಚೆನ್ನಾಗಿ ಹೊಂದುತ್ತದೆ. ಕುಂಡದಿಂದ 2.4 ಮೀಟರ್ ಮೇಲಿರುವ ಎಲ್‌ಇಡಿ ಬಲ್ಬನ್ನು 30 ಸೆಂ.ಮೀ.ಗೆ ಇಳಿಸಿದರೆ ಬೆಳಕು 64 ಪಟ್ಟಾಗುತ್ತದೆ. 9 ವಾಟ್ ಬಲ್ಬ್ 12 ಗಂಟೆ ಉರಿದರೂ ಖರ್ಚು ದಿನಕ್ಕೆ 0.11 ಯುನಿಟ್. ಮನಿ ಪ್ಲಾಂಟ್, ಪುದೀನಗಳಿಗೆ ಇದು ಉಪಯುಕ್ತ. ಮಾವಿನ ಮರಕ್ಕೆ ಸಾಲದು.

ಉಳಿದ ಎರಡು ಸಸಿಗಳನ್ನು ತಾರಸಿಗೆ ಸಾಗಿಸಿದೆ, ಒಮ್ಮೆಲೇ ಅಲ್ಲ. ನೆರಳಿನ ಎಲೆಗಳು ಏಕಾಏಕಿ ಬಿಸಿಲು ಕಂಡರೆ ಸುಡುತ್ತವೆ. ಎರಡು ವಾರ ಪ್ರತಿದಿನ ಒಂದಿಷ್ಟು ಹೆಚ್ಚು ಹೊತ್ತು ಇಟ್ಟೆ. ಚೇತರಿಸಿಕೊಂಡವು. ಆದರೆ ಇವು ಅಜ್ಜನ ಮರವೇ? ಅಲ್ಲ. ಆಪೂಸಿನ ಹಾಗೆ ನಮ್ಮ ಗೊರಟೆಗಳೂ ಒಂದೊಂದೇ ಮೊಳಕೆ ಕೊಟ್ಟಿದ್ದವು. ಅಂಥ ಏಕಭ್ರೂಣ ಬೀಜದಲ್ಲಿರುವುದು ಪರಾಗಸ್ಪರ್ಶದಿಂದ ಹುಟ್ಟಿದ ಭ್ರೂಣ. ತಂದೆ ಯಾವ ಮರವೋ ತಿಳಿಯದು, ಹಣ್ಣಿನ ರುಚಿಯೂ ಬೇರೆಯಾಗಬಹುದು. ಬಪ್ಪಕಾಯಿಯಂಥ ಕರಾವಳಿಯ ಬಹುಭ್ರೂಣ ತಳಿಗಳಲ್ಲಿ ಮಾತ್ರ ತಾಯಿಯ ಅಂಗಾಂಶದಿಂದಲೇ ಹಲವು ಮೊಳಕೆ ಏಳುತ್ತವೆ. ಇದನ್ನು ನೋಡಬಯಸುವವರು ಕಾಗ್ಜಿ ನಿಂಬೆಯ ಬೀಜ ಬಿತ್ತಲಿ. ಒಂದೇ ಬೀಜದಿಂದ ಎರಡು ಮೂರು ಸಸಿಗಳು ಬರುವುದುಂಟು. ಬಿಸಿಲು ಬೀಳುವ ಬಾಲ್ಕನಿಗೆ ನಿಂಬೆ ಹೊಂದಿಕೊಳ್ಳುತ್ತದೆ ಕೂಡ.

ಮರ ಉಳಿಯಬೇಕಾದರೆ ಕಸಿಯೇ ದಾರಿ. ನಮ್ಮ ಭಾಗದವರು ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಗೋಕಾಕ ಬಳಿಯ ಅರಭಾವಿಯಲ್ಲೇ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ. ಮರುವರ್ಷ ಜುಲೈಯಲ್ಲಿ, ಗಾಳಿಯಲ್ಲಿ ತೇವವಿದ್ದಾಗ, ಸಸಿಗಳನ್ನು ಕುಲಗೋಡಕ್ಕೆ ಒಯ್ದೆ. ಹಳೆಯ ಮರದ ಮೂರು ನಾಲ್ಕು ತಿಂಗಳ ಬಲಿತ ಕಡ್ಡಿಗಳ ಎಲೆಗಳನ್ನು ಹತ್ತು ದಿನ ಮೊದಲೇ ಸವರಿಸಿಟ್ಟಿದ್ದೆವು. ಕಸಿ ಕಟ್ಟುವ ಪರಿಣತರೊಬ್ಬರು ಅವನ್ನು ಬೆಣೆಯಂತೆ ಕೆತ್ತಿ, ಸೀಳಿದ ಸಸಿಯೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಎರಡರಲ್ಲಿ ಒಂದು ಹಿಡಿಯಿತು. ಹಳೆಯ ಮರದಿಂದ ಹತ್ತು ಮೀಟರ್ ಆಚೆ ನೆಟ್ಟಿದ್ದೇವೆ. ನೀರು ಹಾಕುವ ಕೆಲಸವನ್ನು ಅವ್ವ ಯಾರಿಗೂ ಬಿಟ್ಟುಕೊಡುತ್ತಿಲ್ಲ.