ಭೇಟಿಯ ಸಮಯವನ್ನೂ ಅಧಿಕಾರಿಯನ್ನೂ ತಂತ್ರಾಂಶವು ನಿಗದಿಪಡಿಸುವ ಕ್ರಮ

ಆನ್‌ಲೈನ್ ಮೂಲಕ ಭೇಟಿಯ ಸಮಯವನ್ನು ಕಾಯ್ದಿರಿಸಿ ಸರ್ಕಾರಿ ಕಚೇರಿಗೆ ಬರುವ ಅರ್ಜಿದಾರರಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಉದ್ಭವಿಸುತ್ತವೆ. ತಮ್ಮ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಯನ್ನು ತಾವೇ ಆರಿಸಿಕೊಳ್ಳಲು ಏಕೆ ಅವಕಾಶವಿಲ್ಲ ಎಂಬುದು ಮೊದಲನೆಯದು. ತಮ್ಮ ನಂತರ ಬಂದವರನ್ನು ತಮಗಿಂತ ಮೊದಲು ಕರೆದದ್ದು ಏಕೆ ಎಂಬುದು ಎರಡನೆಯದು. ಭೇಟಿಗಳನ್ನು ಸಿಬ್ಬಂದಿಯ ನಡುವೆ ಹಂಚುವ ತಂತ್ರಾಂಶದ ಕಾರ್ಯವಿಧಾನವನ್ನು ತಿಳಿದರೆ ಎರಡಕ್ಕೂ ಉತ್ತರ ದೊರೆಯುತ್ತದೆ. ಒಂದು ದಿನದ ಕೂಲಿಯನ್ನು ಬಿಟ್ಟು ಬರುವವರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಆದ್ದರಿಂದ ಸದರಿ ಕಾರ್ಯವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿಂದಿನ ಪದ್ಧತಿ

ಗಣಕೀಕರಣಕ್ಕೆ ಮೊದಲು ಕಚೇರಿಗಳಲ್ಲಿ ಕೆಲಸದ ಹಂಚಿಕೆಯು ಸಾಮಾನ್ಯವಾಗಿ ವಿಷಯವಾರು ನಡೆಯುತ್ತಿತ್ತು. ಒಂದು ವಿಷಯಕ್ಕೆ ಒಬ್ಬ ವಿಷಯ ನಿರ್ವಾಹಕರು. ಅವರು ರಜೆಯಲ್ಲಿದ್ದರೆ ಆ ವಿಷಯವೂ ಆ ದಿನ ರಜೆಯಲ್ಲಿದ್ದಂತೆಯೇ. ಪಕ್ಕದ ಮೇಜಿನವರಿಗೆ ಬಿಡುವಿದ್ದರೂ "ಸಂಬಂಧಪಟ್ಟವರು ಬಂದಿಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆಯುತ್ತಿತ್ತು. ಕೆಲವರ ಕಡತ ಸರದಿ ತಪ್ಪಿ ಮೇಲಕ್ಕೆ ಬರುತ್ತದೆ ಎಂಬ ದೂರೂ ಇತ್ತು. ಈ ಎರಡನೆಯ ದೂರಿಗೆ ನಮ್ಮ ರಾಜ್ಯದಲ್ಲಿ ಕಂದಾಯ ಇಲಾಖೆಯ ಭೂಮಿ ಯೋಜನೆಯು 2000ದ ದಶಕದ ಆರಂಭದಲ್ಲಿಯೇ ಒಂದು ಉಪಾಯ ಕಂಡುಕೊಂಡಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ನಿಯಮದಂತೆ ತಂತ್ರಾಂಶವೇ ಸರದಿಯಲ್ಲಿ ಇರಿಸಿತು. ಆದರೆ ಸರದಿಯನ್ನು ಕಾಪಾಡುವುದು ಒಂದು ಕೆಲಸ; ಸರದಿಯಲ್ಲಿರುವವರನ್ನು ಹಲವು ಅಧಿಕಾರಿಗಳಿಗೆ ಹಂಚುವುದು ಇನ್ನೊಂದು ಕೆಲಸ.

ಹಂಚಿಕೆ ನಡೆಯುವ ಬಗೆ

ತಂತ್ರಾಂಶವು ಮೊದಲು ಪ್ರತಿಯೊಬ್ಬ ಅಧಿಕಾರಿಯ ದಿನಚರಿಯನ್ನು ನೋಡುತ್ತದೆ. ಕೆಲಸದ ವೇಳೆ, ಮಂಜೂರಾದ ರಜೆ, ಸಭೆ, ತರಬೇತಿ ಮುಂತಾದವುಗಳನ್ನು ಕಳೆದು ಉಳಿದ ವೇಳೆಯನ್ನು ಸಣ್ಣ ಅವಧಿಗಳಾಗಿ ವಿಂಗಡಿಸುತ್ತದೆ. ಉದಾಹರಣೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1.30ರವರೆಗೆ ತಲಾ 15 ನಿಮಿಷದಂತೆ ಒಬ್ಬ ಅಧಿಕಾರಿಗೆ 14 ಅವಧಿಗಳು, ಮೂವರಿಗೆ 42. ಒಬ್ಬರು ರಜೆ ಹಾಕಿದರೆ 28 ಮಾತ್ರ. ರಜೆಯು ಮುಂಚಿತವಾಗಿ ದಾಖಲಾಗಿದ್ದರೆ ಉಳಿದ 14 ಅವಧಿಗಳನ್ನು ತಂತ್ರಾಂಶವು ಸಾರ್ವಜನಿಕರಿಗೆ ತೋರಿಸುವುದೇ ಇಲ್ಲ. ಬೆಳಿಗ್ಗೆಯಷ್ಟೇ ತಿಳಿದರೆ 14 ಜನರನ್ನು ಉಳಿದಿಬ್ಬರಿಗೆ ಹಂಚಬೇಕಾಗುತ್ತದೆ. ಪ್ರತಿದಿನ ಕೆಲವು ಅವಧಿಗಳನ್ನು ಖಾಲಿ ಬಿಡುವ ರೂಢಿಯು ಇಂತಹ ಸಂದರ್ಭಕ್ಕಾಗಿಯೇ ಇದೆ. ಕಚೇರಿಯಲ್ಲಿ ಮೇಜೊಂದು ಖಾಲಿ ಕಂಡರೂ ಆನ್‌ಲೈನ್‌ನಲ್ಲಿ "ಸಮಯ ಲಭ್ಯವಿಲ್ಲ" ಎಂದು ಬರುವುದಕ್ಕೆ ಇದೂ ಒಂದು ಕಾರಣ.

ಅವಧಿಗಳು ಸಿದ್ಧವಾದ ನಂತರ ಹಂಚಿಕೆ. ಅತ್ಯಂತ ಸರಳವಾದದ್ದು ಸುತ್ತುಸರದಿ: ಮೊದಲ ಅರ್ಜಿದಾರರು ಮೊದಲ ಅಧಿಕಾರಿಗೆ, ಎರಡನೆಯವರು ಎರಡನೆಯವರಿಗೆ, ನಾಲ್ಕನೆಯವರು ಮರಳಿ ಮೊದಲನೆಯವರಿಗೆ. ಇದು ನ್ಯಾಯವಾಗಿ ತೋರುತ್ತದೆ. ಎಲ್ಲ ಕೆಲಸಗಳೂ ಒಂದೇ ಬಗೆಯವಾಗಿದ್ದರೆ ನ್ಯಾಯವೂ ಹೌದು. ಆದರೆ ಒಬ್ಬ ಅಧಿಕಾರಿಗೆ ತಲಾ 10 ನಿಮಿಷ ಹಿಡಿಯುವ ಸರಳ ಅರ್ಜಿಗಳು 12, ಇನ್ನೊಬ್ಬರಿಗೆ ತಲಾ 25 ನಿಮಿಷ ಹಿಡಿಯುವ ತಿದ್ದುಪಡಿ ಅರ್ಜಿಗಳು 12 ಬಂದವೆಂದು ಭಾವಿಸೋಣ. ಸಂಖ್ಯೆ ಸಮವಾಗಿದ್ದರೂ ಒಬ್ಬರ ಕೆಲಸ 120 ನಿಮಿಷ, ಇನ್ನೊಬ್ಬರದು 300 ನಿಮಿಷ. ರಸೀದಿಗಳ ಸಂಖ್ಯೆಯನ್ನು ಎಣಿಸಿ ಮೊತ್ತವನ್ನು ಕೂಡದೆ ಬಿಟ್ಟರೆ ಲೆಕ್ಕ ಹೇಗೆ ತಪ್ಪುವುದೋ ಇದೂ ಹಾಗೆಯೇ. ಎರಡನೆಯ ಮೇಜಿನ ಮುಂದೆ ಕುಳಿತ ಕೊನೆಯ ಅರ್ಜಿದಾರರು ಅಂದು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಆದ್ದರಿಂದ ಉತ್ತಮ ತಂತ್ರಾಂಶಗಳು ತಲೆಗಳನ್ನು ಎಣಿಸದೆ ನಿಮಿಷಗಳನ್ನು ಎಣಿಸುತ್ತವೆ. ಆ ಕ್ಷಣದಲ್ಲಿ ಯಾರ ಹೊರೆ ಕಡಿಮೆಯಿದೆಯೋ ಅವರಿಗೆ ಮುಂದಿನ ಭೇಟಿಯನ್ನು ನೀಡುತ್ತವೆ. ಇಲ್ಲಿಯೂ ಒಂದು ತೊಡಕುಂಟು. ಬೇಗ ಕೆಲಸ ಮುಗಿಸುವವರ ಹೊರೆ ಸದಾ ಕಡಿಮೆ ಕಾಣುವುದರಿಂದ ಹೊಸ ಕೆಲಸವೆಲ್ಲ ಅವರ ಪಾಲಿಗೇ ಬರುತ್ತದೆ. ನಿಧಾನಿಸುವವರಿಗೆ ವಿರಾಮ ದೊರೆಯುತ್ತದೆ. ದಿನಕ್ಕೆ ಒಬ್ಬರಿಗೆ ಇಷ್ಟೇ ಎಂಬ ಮಿತಿಯನ್ನು ವಿಧಿಸದಿದ್ದರೆ ದಕ್ಷತೆಗೆ ದಂಡ ಹಾಕಿದಂತಾಗುತ್ತದೆ.

ತಡವಾಗಿ ಬಂದವರನ್ನು ಮೊದಲು ಕರೆಯುವುದೇಕೆ?

ಇದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಒಳ್ಳೆಯ ಉದಾಹರಣೆ. 2010ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಕೇಂದ್ರಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಕೇಂದ್ರಗಳೂ ಇದ್ದವು. ಅಲ್ಲಿ ಟೋಕನ್ ಪಡೆದ ಅರ್ಜಿದಾರರು ಎ, ಬಿ, ಸಿ ಎಂಬ ಮೂರು ಹಂತಗಳನ್ನು ದಾಟುತ್ತಾರೆ. ಎ ಕೌಂಟರಿನಲ್ಲಿ ದಾಖಲೆಗಳ ಸ್ಕ್ಯಾನಿಂಗ್, ಭಾವಚಿತ್ರ ಹಾಗೂ ಬೆರಳಚ್ಚು. ಬಿ ಕೌಂಟರಿನಲ್ಲಿ ಸರ್ಕಾರಿ ಅಧಿಕಾರಿಯಿಂದ ದಾಖಲೆಗಳ ಪರಿಶೀಲನೆ. ಸಿ ಕೌಂಟರಿನಲ್ಲಿ ಮಂಜೂರಾತಿ ಕುರಿತ ನಿರ್ಧಾರ. ಯಾವ ಟೋಕನ್ ಯಾವ ಕೌಂಟರಿಗೆ ಹೋಗಬೇಕೆಂಬುದನ್ನು ಸರದಿ ನಿರ್ವಹಣಾ ವ್ಯವಸ್ಥೆಯು ಪರದೆಯ ಮೇಲೆ ತೋರಿಸುತ್ತದೆ. ನಿಮಗಿಂತ ನಂತರ ಬಂದವರ ಕೆಲಸ ಎ ಕೌಂಟರಿನಲ್ಲಿ ಬೇಗ ಮುಗಿದರೆ ಅವರು ಬಿ ಸರದಿಗೆ ನಿಮಗಿಂತ ಮೊದಲು ಸೇರುತ್ತಾರೆ. ಪ್ರತಿ ಹಂತಕ್ಕೂ ಪ್ರತ್ಯೇಕ ಸರದಿ ಇರುವುದರಿಂದ ಹೀಗಾಗುತ್ತದೆಯೇ ಹೊರತು ಇದನ್ನು ಪಕ್ಷಪಾತವೆಂದು ಭಾವಿಸಬೇಕಾಗಿಲ್ಲ.

ಅಧಿಕಾರಿಯ ಆಯ್ಕೆಗೆ ಅವಕಾಶವಿಲ್ಲದಿರುವುದು

ಆಯ್ಕೆಗೆ ಅವಕಾಶ ನೀಡಿದರೆ ಪರಿಚಿತ ಅಧಿಕಾರಿಯೊಬ್ಬರ ಮುಂದೆ ಜನ ತುಂಬಿ, ಉಳಿದವರ ಸಮಯ ವ್ಯರ್ಥವಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಮಧ್ಯವರ್ತಿಗಳ ವಿಷಯ. "ಇಂತಹವರ ಬಳಿಯೇ ಹೋಗುವಂತೆ ಮಾಡಿಸಿಕೊಡುತ್ತೇನೆ" ಎಂಬ ಮಾತಿಗೆ ಬೆಲೆ ಬರುವುದು, ಯಾರ ಬಳಿ ಹೋಗುವುದೆಂದು ಮೊದಲೇ ತಿಳಿಯುವಂತಿದ್ದಾಗ ಮಾತ್ರ. ಸುತ್ತುಸರದಿಯಲ್ಲಿ ಇದನ್ನು ಎಣಿಸಿ ಊಹಿಸಬಹುದು. ಆದುದರಿಂದ ಕೆಲವು ವ್ಯವಸ್ಥೆಗಳಲ್ಲಿ ಅಧಿಕಾರಿಯನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಕೊನೆಯ ಗಳಿಗೆಯಲ್ಲಿ ನಿರ್ಧರಿಸಲಾಗುತ್ತದೆ.

ಕಡತಗಳ ಹಂಚಿಕೆಯಲ್ಲಿ ಈ ತತ್ವವು ಇನ್ನೂ ಮುಂದೆ ಹೋಗಿದೆ. ಆದಾಯ ತೆರಿಗೆ ಇಲಾಖೆಯು 2019ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಇ-ತೆರಿಗೆ ನಿರ್ಧರಣೆಯಲ್ಲಿ ಪ್ರಕರಣಗಳನ್ನು ಸ್ವಯಂಚಾಲಿತ ವ್ಯವಸ್ಥೆಯೇ ಯಾದೃಚ್ಛಿಕವಾಗಿ ಹಂಚುವಂತೆ ವಿಧಿಸಲಾಯಿತು. ಸೀಮಾಸುಂಕ ಇಲಾಖೆಯು 2020ರ ಜೂನ್ 8ರಂದು ಇಂತಹುದೇ ಪದ್ಧತಿಯನ್ನು ಬೆಂಗಳೂರು ಮತ್ತು ಚೆನ್ನೈ ವಲಯಗಳಲ್ಲಿ ಮೊದಲಿಗೆ ಜಾರಿಗೊಳಿಸಿತು. ಒಂದು ನಗರದಲ್ಲಿ ಸಲ್ಲಿಸಿದ ದಾಖಲೆಯನ್ನು ಇನ್ನೊಂದು ನಗರದ ಅಧಿಕಾರಿ ಪರಿಶೀಲಿಸಬಹುದಾಯಿತು.

ಕಚೇರಿಯ ಆಯ್ಕೆ ಬೇರೆ ವಿಷಯ. 2024ರ ಸೆಪ್ಟೆಂಬರ್ 2ರಿಂದ ಕರ್ನಾಟಕದಲ್ಲಿ ದಸ್ತಾವೇಜುಗಳನ್ನು ಜಿಲ್ಲೆಯ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲು ಅವಕಾಶವಾಗಿದ್ದು, ಜನಸಂದಣಿ ಕಡಿಮೆಯಿರುವ ಕಚೇರಿಯನ್ನು ಸಾರ್ವಜನಿಕರೇ ಆರಿಸಿಕೊಳ್ಳಬಹುದು.

ಆದಾಗ್ಯೂ ಯಂತ್ರದ ಹಂಚಿಕೆಯನ್ನು ಎಲ್ಲೆಡೆಯೂ ಕುರುಡಾಗಿ ಅನುಸರಿಸುವುದು ಸರಿಯಲ್ಲ. ಮೊದಲ ಭೇಟಿಯಲ್ಲಿ ಅರ್ಧ ವಿಚಾರಣೆ ಮುಗಿದಿದ್ದರೆ ಎರಡನೆಯ ಭೇಟಿಯೂ ಅದೇ ಅಧಿಕಾರಿಯ ಬಳಿ ಇರಬೇಕು. ವೃದ್ಧರೊಬ್ಬರು ಪಿಂಚಣಿಯ ಕಥೆಯನ್ನು ಮೂವರ ಮುಂದೆ ಮೂರು ಬಾರಿ ಹೇಳುವಂತಾದರೆ ಹಂಚಿಕೆ ಸಮವಾಗಿ ಏನು ಪ್ರಯೋಜನ? ಇಂತಹ ಸಂದರ್ಭದಲ್ಲಿ ಹಂಚಿಕೆಯನ್ನು ಬದಲಿಸುವ ಅಧಿಕಾರ ಮೇಲ್ವಿಚಾರಕರಿಗೆ ಇರಬೇಕು. ಬದಲಿಸಿದವರ ಹೆಸರು, ವೇಳೆ ಮತ್ತು ಕಾರಣ ತಂತ್ರಾಂಶದಲ್ಲಿ ದಾಖಲಾಗಬೇಕು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಸಮಯ ಕಾಯ್ದಿರಿಸುವಾಗ ಸೇವೆಯ ಬಗೆಯನ್ನು ಸರಿಯಾಗಿ ನಮೂದಿಸತಕ್ಕದ್ದು. ತಂತ್ರಾಂಶವು ನಿಮಿಷಗಳನ್ನು ಲೆಕ್ಕ ಹಾಕುವುದು ಈ ನಮೂದಿನಿಂದಲೇ. ಬೇಗ ಸಮಯ ದೊರೆಯಲೆಂದು ತಿದ್ದುಪಡಿ ಅರ್ಜಿಯನ್ನು ಸರಳ ಅರ್ಜಿಯೆಂದು ನಮೂದಿಸಿದರೆ, ಆ ಕೆಲಸವನ್ನು ಮಾಡುವ ಅಧಿಕಾರವಿಲ್ಲದ ಮೇಜಿಗೆ ನಿಮ್ಮ ಟೋಕನ್ ಹೋಗಿ, ಪುನಃ ಸಮಯ ಪಡೆಯಬೇಕಾದೀತು.

ಬರಲಾಗದಿದ್ದಲ್ಲಿ ಭೇಟಿಯನ್ನು ಮುಂಚಿತವಾಗಿ ರದ್ದುಪಡಿಸಲು ಕೋರಲಾಗಿದೆ. ರದ್ದಾದ ಅವಧಿಯನ್ನು ತಂತ್ರಾಂಶವು ಬೇರೊಬ್ಬರಿಗೆ ನೀಡಬಲ್ಲದು; ಸುಮ್ಮನೆ ತಪ್ಪಿಸಿಕೊಂಡ ಅವಧಿ ಯಾರಿಗೂ ದಕ್ಕುವುದಿಲ್ಲ. ಸಮಯ ಬದಲಾವಣೆಗೆ ಮಿತಿಯಿರುವ ಸೇವೆಗಳಲ್ಲಿ ಅದನ್ನು ಮೊದಲೇ ನೋಡಿಕೊಳ್ಳುವುದು ಒಳಿತು.

ಸರದಿಯಲ್ಲಿ ಅನ್ಯಾಯವಾಗಿದೆ ಎನಿಸಿದರೆ ಟೋಕನ್ ಚೀಟಿಯನ್ನು ಉಳಿಸಿಕೊಂಡು ಸ್ಥಳದಲ್ಲಿಯೇ ಮೇಲ್ವಿಚಾರಕರಿಗೆ ತಿಳಿಸಬೇಕು. ನಿಮ್ಮ ಅರ್ಜಿಯ ಹಂಚಿಕೆ ಕುರಿತು ಕಚೇರಿಯಲ್ಲಿರುವ ದಾಖಲೆಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಕೋರಬಹುದು. ಇದಕ್ಕೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಕೊನೆಯದಾಗಿ, ಭೇಟಿಯ ಸಂಖ್ಯೆಯೇ ಅರ್ಜಿ ಸ್ವೀಕೃತಿಯ ಸಂಖ್ಯೆಯೆಂದು ತಿಳಿಯಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ದಿನಗಳ ಲೆಕ್ಕಕ್ಕೆ ಆಧಾರವಾಗುವುದು ಅರ್ಜಿ ಸ್ವೀಕರಿಸಿದಾಗ ನೀಡುವ 15 ಅಂಕಿಗಳ ಸಕಾಲ ಸಂಖ್ಯೆ. ಅದನ್ನು ಕೇಳಿ ಪಡೆದ ನಂತರವೇ ಕೌಂಟರಿನಿಂದ ತೆರಳಬೇಕು.