ಆನ್‌ಲೈನ್ ಮಾರಾಟಕ್ಕೆ ನಮ್ಮ ಮೊದಲ ಪೊಟ್ಟಣ ಯಾವುದು?

ಹೋಟೆಲ್ ಎಂದರೆ ಜಾಗದ ವ್ಯಾಪಾರ ಎಂಬ ಮಾತು ನಮ್ಮ ಹಿರಿಯರ ಕಾಲದಿಂದಲೂ ಇದೆ. ರೈಲ್ವೆ ಸ್ಟೇಷನ್ನಿನ ಎದುರು, ಕಾಲೇಜಿನ ಪಕ್ಕ, ಮಿಲ್ಲಿನ ಗೇಟಿನ ಬಳಿ ಜಾಗ ಸಿಕ್ಕಿತೆಂದರೆ ಅರ್ಧ ಗೆದ್ದಂತೆ. ಆದರೆ ಇಂದು ಆ ಜಾಗ ಇನ್ನೆಷ್ಟು ವರ್ಷ ನಮ್ಮ ಕೈಯಲ್ಲಿರುತ್ತದೆ ಎಂಬುದೇ ಅನೇಕ ಹೋಟೆಲಿಗರ ಚಿಂತೆಯಾಗಿದೆ. ಹಳೆಯ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋದರೆ, ಲೀಸ್ ಮುಗಿದು ಬಾಡಿಗೆ ಮೂರು ಪಟ್ಟಾದರೆ, ನಲವತ್ತು ವರ್ಷ ನಡೆಸಿದ ಹೋಟೆಲು ಒಂದು ನೋಟಿಸಿನಲ್ಲಿ ಮುಚ್ಚಬಹುದು. ಜಾಗದ ಜೊತೆಗೆ ಗಿರಾಕಿಯೂ ಹೋಗುತ್ತಾನೆ. ಮನೆಗೆ ತಲುಪಿಸುವ ಆ್ಯಪ್‌ಗಳಿಂದ ಬರುವ ವ್ಯಾಪಾರದಲ್ಲಿ ಕಮಿಷನ್ ಕಳೆದು ಉಳಿಯುವುದೆಷ್ಟು ಎಂಬುದು ಎಲ್ಲರಿಗೂ ಗೊತ್ತೇ ಇದೆ.

ಜಾಗ ಹೋದರೂ ರುಚಿ ಮತ್ತು ಹೆಸರು ನಮ್ಮಲ್ಲೇ ಉಳಿಯಬೇಕಾದರೆ, ಅದನ್ನು ಪೊಟ್ಟಣದಲ್ಲಿ ತುಂಬಿ ದೂರಕ್ಕೂ ಮಾರಬಲ್ಲ ಒಂದು ವಸ್ತುವಾದರೂ ನಮ್ಮದಾಗಿರಬೇಕು. ನಮ್ಮ ಮಕ್ಕಳು ಈ ಮಾತನ್ನು ಆಗಾಗ ಎತ್ತುತ್ತಾರೆ. ನಾವೂ ತಲೆಯಾಡಿಸುತ್ತೇವೆ. ಆದರೆ ಎಲ್ಲಿಂದ ಆರಂಭಿಸಬೇಕು, ಯಾವ ವಸ್ತುವನ್ನು ಮೊದಲು ಮಾಡಬೇಕು ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಆ ಬಗ್ಗೆಯೇ ಈ ಲೇಖನ.

ದಾರಿ ಹೊಸದಲ್ಲ

ಹೋಟೆಲಿನಿಂದ ಪೊಟ್ಟಣಕ್ಕೆ ಹೋದ ದೊಡ್ಡ ಉದಾಹರಣೆ ನಮ್ಮವರದ್ದೇ. ಕರಾವಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. 1975ರಲ್ಲಿ ತುರ್ತುಪರಿಸ್ಥಿತಿ ಬಂದು ಹೋಟೆಲ್ ತಿಂಡಿಗಳ ಬೆಲೆಗೆ ಸರಕಾರ ಮಿತಿ ಹಾಕಿದಾಗ, ಆ ಬೆಲೆಗೆ ತಮ್ಮ ಗುಣಮಟ್ಟದ ತಿಂಡಿ ಕೊಡುವುದು ಅವರಿಗೆ ಕಷ್ಟವಾಯಿತು. ಆಗ ಅವರ ಕೈ ಹಿಡಿದದ್ದು ರವೆ ಇಡ್ಲಿಯಂಥ ತಿಂಡಿಗಳ ಒಣ ಮಿಶ್ರಣ ಮತ್ತು ಮಸಾಲೆ ಪುಡಿಗಳು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪೆನಿ ಕೊಂಡುಕೊಂಡದ್ದು ಈ ಪೊಟ್ಟಣದ ವ್ಯವಹಾರವನ್ನು. ಹೋಟೆಲು ಕುಟುಂಬದಲ್ಲೇ ಉಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೊರಗೆ ಹೋದದ್ದು ಒಣ ವಸ್ತು. ಬಿಸಿ ದೋಸೆ, ಗಟ್ಟಿ ಚಟ್ನಿ, ಹಬೆಯಾಡುವ ಸಾಂಬಾರು ಹೋಟೆಲಿನಲ್ಲೇ ಉಳಿದವು.

ಹೆಸರುವಾಸಿ ತಿಂಡಿಯ ಮೋಹ ಬೇಡ

ಮೊದಲ ವಸ್ತು ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಹೇಳುವುದು ಹೋಟೆಲಿಗೆ ಹೆಸರು ತಂದ ತಿಂಡಿಯನ್ನು. "ನಮ್ಮ ಸಾಂಬಾರಿಗೆ ಜನ ಮುಗಿಬೀಳುತ್ತಾರೆ, ಅದನ್ನೇ ಕಳುಹಿಸೋಣ" ಎನ್ನುತ್ತಾರೆ. ಅಭಿಮಾನ ಸರಿ, ಲೆಕ್ಕಾಚಾರ ತಪ್ಪು. ನೀರಿನಂಶವಿರುವ ಪದಾರ್ಥ ಕೆಡದಂತೆ ಇರಬೇಕಾದರೆ ತಂಪು ಬೇಕು, ಇಲ್ಲವೇ ಪೊಟ್ಟಣವನ್ನು ಮುಚ್ಚಿ ಹೆಚ್ಚಿನ ಒತ್ತಡದಲ್ಲಿ ಬೇಯಿಸುವ ಯಂತ್ರ ಬೇಕು. ಬೆಂಗಳೂರಿನ ಐಡಿ ಫ್ರೆಶ್ 2005ರಲ್ಲಿ ಇಡ್ಲಿ-ದೋಸೆ ಹಿಟ್ಟಿನಿಂದ ಆರಂಭಿಸಿ ದೊಡ್ಡದಾಗಿ ಬೆಳೆದದ್ದು ನಿಜ. ಆದರೆ ಅದು ದಿನವೂ ತಂಪಾಗಿ ಅಂಗಡಿಗೆ ತಲುಪಿಸುವ ವ್ಯವಸ್ಥೆಯ ಮೇಲೆ ನಿಂತ ವ್ಯವಹಾರ. ಕೊರಿಯರಿನಲ್ಲಿ ನಾಲ್ಕು ದಿನ ಪ್ರಯಾಣಿಸುವ ಪೊಟ್ಟಣಕ್ಕೆ ಆ ಹೋಲಿಕೆ ಸಲ್ಲದು.

ಮೊದಲ ವಸ್ತುವನ್ನು ಆರಿಸಲು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದು, ಗಿರಾಕಿಗಳು ಇದನ್ನು ತಾವಾಗಿಯೇ ಕಟ್ಟಿಕೊಡಿ ಎಂದು ಕೇಳುತ್ತಾರೆಯೇ? ಎರಡು, ಫ್ರಿಜ್ ಇಲ್ಲದೆ ಮೂರು ತಿಂಗಳಾದರೂ ಕೆಡದೆ ಇರುತ್ತದೆಯೇ? ಮೂರು, ಒಡೆಯದೆ, ಸೋರದೆ, ಪುಡಿಯಾಗದೆ ತಲುಪುತ್ತದೆಯೇ? ನಾಲ್ಕು, ಭಟ್ಟರು ರಜೆ ಹಾಕಿದ ದಿನವೂ ಅದೇ ರುಚಿಯಲ್ಲಿ ಮಾಡಬಹುದೇ?

ಮೊದಲನೆಯ ಪ್ರಶ್ನೆಗೆ ಉತ್ತರ ಗಲ್ಲಾದಲ್ಲೇ ಇದೆ. ಒಂದು ತಿಂಗಳು ಒಂದು ಪುಸ್ತಕ ಇಟ್ಟು, ಯಾರು ಯಾವುದನ್ನು ಕೇಳಿದರು ಎಂದು ಬರೆದಿಡಿ. ಊರಿಗೆ ಹೋಗುವವರು, ಪುಣೆಯಲ್ಲಿ ಓದುವ ಮಗನಿಗೆ ಕಳುಹಿಸುವವರು ಏನು ಒಯ್ಯುತ್ತಾರೆ ಎಂದು ನೋಡಿ. ಚಕ್ಕುಲಿ, ಕೋಡುಬಳೆ ಕೇಳಿದರೂ ಅವು ದಾರಿಯಲ್ಲಿ ಮುರಿಯುತ್ತವೆ, ಕರಿದ ಎಣ್ಣೆ ಬೇಗ ಕಮಟುತ್ತದೆ. ಹಪ್ಪಳ, ಸಂಡಿಗೆ ಮಾಡಲು ಬಿಸಿಲೂ ಜಾಗವೂ ಬೇಕು. ಈ ನಾಲ್ಕೂ ಪ್ರಶ್ನೆಗಳನ್ನು ದಾಟಿ ಬರುವುದು ಹೆಚ್ಚಾಗಿ ಪುಡಿಗಳೇ: ಚಟ್ನಿಪುಡಿ, ಸಾರಿನ ಪುಡಿ, ಸಾಂಬಾರು ಪುಡಿ. ಇವುಗಳಲ್ಲೂ ಚಟ್ನಿಪುಡಿಗೆ ನಮ್ಮ ಮೊದಲ ಮತ. ಸಾರಿನ ಪುಡಿಯನ್ನು ಗಿರಾಕಿ ಮನೆಯಲ್ಲಿ ಹೇಗೆ ಬಳಸುತ್ತಾನೋ ಹೇಳಲಾಗದು, ಸಾರು ಕೆಟ್ಟರೆ ಹೆಸರು ಕೆಡುವುದು ನಮ್ಮದು. ಚಟ್ನಿಪುಡಿ ಹಾಗಲ್ಲ. ಪೊಟ್ಟಣ ಬಿಚ್ಚಿದರೆ ನಮ್ಮ ಹೋಟೆಲಿನ ರುಚಿ ನೇರವಾಗಿ ತಟ್ಟೆಗೆ ಬರುತ್ತದೆ.

ಹಿಡಿಯಿಂದ ಗ್ರಾಮಿಗೆ

ನಮ್ಮ ಅಡುಗೆಮನೆಯ ಅಳತೆ ಭಟ್ಟರ ಕೈಯಲ್ಲಿದೆ. ಒಂದು ಹಿಡಿ ಕರಿಬೇವು, ಕಣ್ಣಳತೆಯ ಮೆಣಸು. ಹೋಟೆಲಿನಲ್ಲಿ ಇದು ನಡೆಯುತ್ತದೆ. ಪೊಟ್ಟಣದಲ್ಲಿ ನಡೆಯುವುದಿಲ್ಲ. ಮೊದಲ ಕೆಲಸವೆಂದರೆ ಭಟ್ಟರನ್ನು ಗೌರವದಿಂದ ಕೂರಿಸಿಕೊಂಡು, ಅವರು ಹಾಕುವ ಪ್ರತಿಯೊಂದನ್ನೂ ಹಾಕುವ ಮೊದಲೇ ತೂಗಿ ಬರೆದುಕೊಳ್ಳುವುದು. ಹುರಿಯುವ ಹೊತ್ತು, ಉರಿಯ ಪ್ರಮಾಣ, ಬೇಳೆಯ ಬಣ್ಣ ಎಲ್ಲವೂ ಬರಹಕ್ಕೆ ಬರಬೇಕು. ಮೂರು ಸಲ ಬೇರೆಯವರಿಂದ ಮಾಡಿಸಿ ಮೂರೂ ಒಂದೇ ರುಚಿ ಬಂದರೆ ಪಾಕ ಸಿದ್ಧವಾಯಿತು ಎನ್ನಬಹುದು. ಬ್ಯಾಡಗಿ ಮೆಣಸು ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎರಡರ ಪ್ರಮಾಣ ಬದಲಾದರೆ ಗಿರಾಕಿ ಎರಡನೇ ಪೊಟ್ಟಣದಲ್ಲೇ ಗುರುತು ಹಿಡಿಯುತ್ತಾನೆ.

ಚಟ್ನಿಪುಡಿ ಕೆಡುವುದಕ್ಕೆ ಮುಖ್ಯ ಕಾರಣ ಎರಡು, ಕೊಬ್ಬರಿ ಮತ್ತು ತೇವ. ಕೊಬ್ಬರಿಯ ಎಣ್ಣೆ ಗಾಳಿ ಸೋಕಿ ಕಮಟುತ್ತದೆ. ಬೆಲ್ಲ, ಹುಣಸೆ, ಉಪ್ಪು ಮಳೆಗಾಲದ ತೇವವನ್ನು ಎಳೆದುಕೊಂಡು ಪುಡಿ ಗಂಟು ಕಟ್ಟುತ್ತದೆ. ಆದ್ದರಿಂದ ಮೊದಲ ಸಲ ಕೊಬ್ಬರಿ ಇಲ್ಲದ, ಉದ್ದಿನಬೇಳೆ-ಕಡಲೆಬೇಳೆ-ಕರಿಬೇವಿನ ಪುಡಿಯಿಂದ ಆರಂಭಿಸುವುದು ಕ್ಷೇಮ. ಕರಿಬೇವನ್ನು ತೊಳೆದು, ನೀರಾರಿಸಿ, ಮುರಿದರೆ ಚೂರಾಗುವಷ್ಟು ಗರಿಗರಿ ಹುರಿಯಬೇಕು. ಪುಡಿ ಪೂರ್ತಿ ತಣಿದ ಮೇಲೆಯೇ ತುಂಬಬೇಕು. ಬಿಸಿಯಾಗಿ ತುಂಬಿದರೆ ಒಳಗೆ ಹಬೆ ನೀರಾಗಿ ನಿಲ್ಲುತ್ತದೆ. ಸಾಧಾರಣ ಪ್ಲಾಸ್ಟಿಕ್ ಚೀಲ ಸಾಲದು. ಗಾಳಿ, ಬೆಳಕು, ತೇವ ತಡೆಯುವ ಫಾಯಿಲ್ ಪದರದ ಪೌಚ್ ಮತ್ತು ಗಟ್ಟಿ ಸೀಲ್ ಬೇಕು.

ಮಾರುವ ಮೊದಲು ಇಪ್ಪತ್ತು ಪೊಟ್ಟಣ ಮಾಡಿ ಇಟ್ಟುಬಿಡಿ. ಹತ್ತು ಸಾಧಾರಣ ಕಪಾಟಿನಲ್ಲಿ, ಹತ್ತು ಅಡುಗೆಮನೆಯ ಬಿಸಿ ಮತ್ತು ಹಬೆ ತಾಗುವ ಜಾಗದಲ್ಲಿ. ವಾರಕ್ಕೊಂದರಂತೆ ಎರಡೂ ಕಡೆಯಿಂದ ಬಿಚ್ಚಿ ಮೂಸಿ, ರುಚಿ ನೋಡಿ, ಬರೆದಿಡಿ. ಮುಂಬಯಿಯ ಜುಲೈ ಮಳೆ, ದೆಹಲಿಯ ಮೇ ಬಿಸಿಲು ಎರಡನ್ನೂ ನಮ್ಮ ಪೊಟ್ಟಣ ತಾಳಬೇಕು. ಜೊತೆಗೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತೇವಾಂಶ, ಸೂಕ್ಷ್ಮಜೀವಿ, ಪೋಷಕಾಂಶ ಪರೀಕ್ಷೆ ಮಾಡಿಸಬೇಕು. ಲೇಬಲ್ಲಿನ ಮೇಲೆ ಹಾಕುವ ಅವಧಿ ಇವುಗಳಿಂದ ಬರಬೇಕು, ಅಂದಾಜಿನಿಂದ ಅಲ್ಲ. ಆನ್‌ಲೈನಿನಲ್ಲಿ ಮಾರುವ ಆಹಾರ ಗ್ರಾಹಕನಿಗೆ ತಲುಪುವಾಗ ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇ. 30 ಅಥವಾ 45 ದಿನ ಉಳಿದಿರಬೇಕೆಂದು ಎಫ್.ಎಸ್.ಎಸ್.ಎ.ಐ. 2024ರ ನವೆಂಬರಿನಲ್ಲಿ ಸೂಚಿಸಿದೆ. ಒಂದು ತಿಂಗಳ ಬಾಳಿಕೆಯ ವಸ್ತು ಆನ್‌ಲೈನಿಗೆ ಏಕೆ ಹೊಂದದು ಎಂಬುದು ಇದರಿಂದಲೇ ತಿಳಿಯುತ್ತದೆ.

ಕಾಗದಪತ್ರ ಮೊದಲು

ಹೋಟೆಲಿನ ಲೈಸೆನ್ಸ್ ಇದೆಯಲ್ಲ ಎಂದು ಸುಮ್ಮನಿರಬಾರದು. ಅದು ಊಟ-ತಿಂಡಿ ಬಡಿಸುವುದಕ್ಕೆ. ಪೊಟ್ಟಣ ಕಟ್ಟಿ ಮಾರುವುದಕ್ಕೆ ಆಹಾರ ತಯಾರಿಕೆಯ ವರ್ಗವೂ ಲೈಸೆನ್ಸಿನಲ್ಲಿ ಸೇರಿರಬೇಕು. ಲೇಬಲ್ಲಿನಲ್ಲಿ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಹಸಿರು ಚುಕ್ಕೆ, ಪ್ರಮಾಣದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳು, ಪೋಷಕಾಂಶದ ವಿವರ, ಬ್ಯಾಚ್ ಸಂಖ್ಯೆ, ತಯಾರಿಯ ಮತ್ತು ಮುಗಿಯುವ ದಿನಾಂಕ, ತಯಾರಕರ ಪೂರ್ಣ ವಿಳಾಸ ಇರಬೇಕು. ತೂಕ-ಅಳತೆಯ ಕಾನೂನಿನಂತೆ ಎಲ್ಲ ತೆರಿಗೆ ಸೇರಿದ ಎಂ.ಆರ್.ಪಿ., ನಿವ್ವಳ ತೂಕ, ಗ್ರಾಹಕರ ದೂರಿಗೆ ಫೋನ್ ಮತ್ತು ಈ-ಮೇಲ್ ಬೇಕು. ಪೊಟ್ಟಣ ಕಟ್ಟುವವರಾಗಿ ನೋಂದಣಿಯೂ ಆಗಬೇಕು. ಅಲರ್ಜಿ ತರುವ ಪದಾರ್ಥಗಳನ್ನು ಬೇರೆಯಾಗಿ ತೋರಿಸಬೇಕು. ಶೇಂಗಾ ಹಾಕಿದರೆ ಅದು ನೆನಪಿರುತ್ತದೆ. ಆದರೆ ಮಾರುಕಟ್ಟೆಯ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ ಎಂಬುದನ್ನು ಮರೆಯಬಾರದು.

ತೆರಿಗೆಯ ವಿಷಯದಲ್ಲಿ ಆಡಿಟರರನ್ನು ಮೊದಲೇ ಕೇಳುವುದು ಒಳ್ಳೆಯದು. ಕಾಂಪೊಸಿಷನ್ ಯೋಜನೆಯಲ್ಲಿರುವವರು ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಹೋಟೆಲಿನ ಜಿ.ಎಸ್.ಟಿ. ಲೆಕ್ಕವೇ ಬೇರೆ, ಪೊಟ್ಟಣದ ಲೆಕ್ಕವೇ ಬೇರೆ. ಎರಡಕ್ಕೂ ಪುಸ್ತಕ ಬೇರೆ ಇಡುವುದು ಜಾಣತನ.

ಎಲ್ಲಕ್ಕಿಂತ ದೊಡ್ಡದು ಹೆಸರು. ನಮ್ಮ ಹೋಟೆಲುಗಳ ಹೆಸರು ಹೆಚ್ಚಾಗಿ ದೇವರದ್ದು ಇಲ್ಲವೇ ಊರಿನದ್ದು, ಒಂದೇ ಹೆಸರು ಹತ್ತು ಕಡೆ ಇರುತ್ತದೆ. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಹೋಟೆಲ್ ಸೇವೆ 43ನೇ ವರ್ಗ, ಮಸಾಲೆ ಪುಡಿಗಳು 30ನೇ ವರ್ಗ. ಹೋಟೆಲಿಗೆ ಹೆಸರು ನೋಂದಾಯಿಸಿದ್ದರೂ ಪುಡಿಗೆ ಅದು ಬೇರೆಯವರ ಬಳಿ ಇರಬಹುದು. ಅಣ್ಣ-ತಮ್ಮಂದಿರು, ಚಿಕ್ಕಪ್ಪನ ಮಕ್ಕಳು ಒಂದೇ ಹೆಸರಿನಲ್ಲಿ ಬೇರೆ ಬೇರೆ ಹೋಟೆಲು ನಡೆಸುತ್ತಿದ್ದರೆ, ಪೊಟ್ಟಣಕ್ಕೆ ಹೆಸರು ಯಾರದ್ದು ಎಂಬುದನ್ನು ವ್ಯಾಪಾರ ಬೆಳೆಯುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಬೆಳೆದ ಮೇಲೆ ಮಾತು ಕೋರ್ಟಿಗೆ ಹೋಗುತ್ತದೆ.

ಒಂದು ಪೊಟ್ಟಣದ ಲೆಕ್ಕ

200 ಗ್ರಾಮಿನ ಪೊಟ್ಟಣಕ್ಕೆ 120 ರೂಪಾಯಿ ಎಂದಿಟ್ಟುಕೊಳ್ಳೋಣ. ಇವು ಲೆಕ್ಕ ತಿಳಿಯಲು ಹಿಡಿದ ಅಂಕಿಗಳು, ನಿಮ್ಮ ಅಂಕಿ ಹಾಕಿ ನೋಡಿ. ಸಾಮಾನು 30, ಕೂಲಿ ಮತ್ತು ಗ್ಯಾಸ್ 10, ಪೌಚ್-ಲೇಬಲ್ 7, ಹೊರಡಬ್ಬಿ 6, ಕೊರಿಯರ್ 40, ಜಾಲತಾಣದ ಕಮಿಷನ್ 18, ತೆರಿಗೆ ಶೇ. 5 ಎಂದು ಹಿಡಿದರೆ ಸುಮಾರು 6, ಹಾಳಾದದ್ದು ಮತ್ತು ಮರಳಿ ಬಂದದ್ದಕ್ಕೆ 3. ಒಟ್ಟು 120. ಮಾರಿದರೂ ಕೈಗೆ ಏನೂ ಇಲ್ಲ!

ಕೊರಿಯರಿನವರು ಸಾಮಾನ್ಯವಾಗಿ ಅರ್ಧ ಕಿಲೋ ಲೆಕ್ಕದಲ್ಲಿ ಹಣ ಹಿಡಿಯುತ್ತಾರೆ. ಅದೇ ಖರ್ಚಿನಲ್ಲಿ ಎರಡು ಪೊಟ್ಟಣ ಹೋಗುತ್ತದೆ. ಎರಡರ ಜೋಡಿಯನ್ನು 240ಕ್ಕೆ ಮಾರಿದರೆ ಸಾಮಾನು 60, ಕೂಲಿ 20, ಪೌಚ್ 14, ಡಬ್ಬಿ 7, ಕೊರಿಯರ್ ಅದೇ 40, ಕಮಿಷನ್ 36, ತೆರಿಗೆ ಸುಮಾರು 11, ನಷ್ಟಕ್ಕೆ 6. ಒಟ್ಟು 194, ಉಳಿಯುವುದು 46 ರೂಪಾಯಿ. ವಸ್ತು ಅದೇ, ಬೆಲೆ ಅದೇ, ಕಟ್ಟಿದ ರೀತಿ ಮಾತ್ರ ಬೇರೆ. ಡಬ್ಬಿ ವಿನಾಕಾರಣ ದೊಡ್ಡದಾಗಬಾರದು ಎಂಬುದೂ ಗಮನದಲ್ಲಿರಲಿ. ಹಲವು ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬರುವ ತೂಕವನ್ನೂ ನೋಡುತ್ತಾರೆ. ಎರಡರಲ್ಲಿ ಹೆಚ್ಚಿನದಕ್ಕೆ ಬಿಲ್ಲು.

ಒಂದೇ ವಸ್ತು, ಸ್ವಲ್ಪವೇ

ಪುಡಿ ಚೆನ್ನಾಗಿ ಹೋದೊಡನೆ ಉಪ್ಪಿನಕಾಯಿ, ತೊಕ್ಕು, ಚಕ್ಕುಲಿ ಎಂದು ಹತ್ತು ವಸ್ತು ಸೇರಿಸುವ ಆಸೆ ಬರುವುದು ಸಹಜ. ಆರು ತಿಂಗಳು ಒಂದೇ ವಸ್ತುವನ್ನು ಸರಿಯಾಗಿ ಮಾಡುವುದು ಹತ್ತು ವಸ್ತುವನ್ನು ಅರ್ಧಂಬರ್ಧ ಮಾಡುವುದಕ್ಕಿಂತ ಮೇಲು. ಮೊದಲ ನೂರು ಪೊಟ್ಟಣಗಳನ್ನು ಗಲ್ಲಾದಲ್ಲೇ ಇಟ್ಟು ಮಾರಿ. ಪರಿಚಯದ ಗಿರಾಕಿ ಮುಖ ನೋಡಿ ಹೇಳುವ ಸತ್ಯವನ್ನು ಆನ್‌ಲೈನ್ ಗಿರಾಕಿ ಒಂದು ನಕ್ಷತ್ರ ಕೊಟ್ಟು ಊರಿಗೆಲ್ಲ ಹೇಳುತ್ತಾನೆ. ಎರಡನೇ ಸಲ ಕೇಳಿ ಬಂದವರೆಷ್ಟು ಎಂದು ಎಣಿಸಿ. ಆ ಸಂಖ್ಯೆ ಏರುತ್ತಿದ್ದರೆ ಮಾತ್ರ ಜಾಲತಾಣಕ್ಕೆ ಹೋಗಿ.

ಫೋಟೋ ತೆಗೆಯುವುದು, ಆರ್ಡರ್ ನೋಡುವುದು, ಗ್ರಾಹಕರಿಗೆ ಉತ್ತರಿಸುವುದನ್ನು ಮನೆಯ ಕಿರಿಯರಿಗೆ ಒಪ್ಪಿಸಿ. ಹೋಟೆಲಿಗೆ ಬರಲು ಮನಸ್ಸಿಲ್ಲದ ಮಕ್ಕಳಿಗೂ ಈ ಕೆಲಸದಲ್ಲಿ ಆಸಕ್ತಿ ಇರುತ್ತದೆ. ರುಚಿಯ ಜವಾಬ್ದಾರಿಯನ್ನು ಮಾತ್ರ ನಾವೇ ಇಟ್ಟುಕೊಳ್ಳೋಣ. ಪ್ರತಿ ಬ್ಯಾಚಿನಿಂದ ಒಂದು ಪೊಟ್ಟಣ ತೆಗೆದಿಟ್ಟು, ದೂರು ಬಂದರೆ ಅದನ್ನೇ ಬಿಚ್ಚಿ ನೋಡಿದರೆ ತಪ್ಪು ನಮ್ಮದೋ ದಾರಿಯದ್ದೋ ಗೊತ್ತಾಗುತ್ತದೆ.

ಹಿರಿಯರು ಬರಿಗೈಯಲ್ಲಿ ಪರವೂರಿಗೆ ಬಂದು, ಲೋಟ ತೊಳೆದು, ಕಟ್ಟಿದ ಹೆಸರು ನಮ್ಮ ಬೋರ್ಡಿನ ಮೇಲಿದೆ. ಅದೇ ಹೆಸರು ನಾಳೆ ನಾವು ಕಾಣದ ಮನೆಯ ಕಪಾಟಿನಲ್ಲಿ ಕೂರುತ್ತದೆ. ಮೂರನೇ ತಿಂಗಳಿನಲ್ಲಿ ಆ ಪೊಟ್ಟಣ ಬಿಚ್ಚಿದಾಗಲೂ ಹುರಿದ ಬೇಳೆಯ ಪರಿಮಳವೇ ಬರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಈ ತಿಂಗಳೇ ಗಲ್ಲಾದ ಪಕ್ಕ ಆ ಪುಸ್ತಕವೊಂದನ್ನು ಇಡೋಣ.