ಸಾಲಿನ ಸಂಖ್ಯೆಯೇ ಐಡಿ ಅಲ್ಲ

ಲಾಟ್ವಿಯಾದ ಮೈಕ್ರೊಟಿಕ್ ಸಂಸ್ಥೆಯ ರೌಟರ್‌ಗಳನ್ನು ನಡೆಸುವ ರೌಟರ್‌ಒಎಸ್ ತಂತ್ರಾಂಶವು ತನ್ನಲ್ಲಿರುವ ಪ್ರತಿ ನಮೂದಿಗೂ ಒಂದು ಆಂತರಿಕ ಐಡಿ ಕೊಡುತ್ತದೆ. ಅದು ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಷೋಡಶಮಾನ ಸಂಖ್ಯೆ: *9 ಆದ ಮೇಲೆ *ಎ, *ಎಫ್ ಆದ ಮೇಲೆ *10. ಪ್ರಿಂಟ್ ಆದೇಶ ಕೊಟ್ಟಾಗ ಎಡಬದಿಯಲ್ಲಿ ಕಾಣುವ 0, 1, 2 ಈ ಐಡಿಗಳಲ್ಲ. ಅವು ಆ ಹೊತ್ತಿನ ಪಟ್ಟಿಯ ಸಾಲಿನ ಸಂಖ್ಯೆಗಳು ಮಾತ್ರ.

ಒಂದು ರೌಟರ್‌ನಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಕಾಮೆಂಟ್ ಇರುವ ನಾಲ್ಕು ಫೈರ್‌ವಾಲ್ ನಿಯಮಗಳಿವೆ ಎನ್ನೋಣ. ಅವುಗಳ ಐಡಿ *5ರಿಂದ *8ರವರೆಗೆ. ಪಟ್ಟಿಯಲ್ಲಿ 2ನೇ ಸಂಖ್ಯೆ ಹಡಗಲಿಯದು. ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದ ಕೊಟ್ಟೂರಿಗೂ ಒಂದು ನಿಯಮ ಬೇಕಾಗಿ, ಅದನ್ನು ಕೂಡ್ಲಿಗಿಯ ಕೆಳಗೆ ಸೇರಿಸಿದರೆ 2ನೇ ಸಂಖ್ಯೆ ಹಗರಿಬೊಮ್ಮನಹಳ್ಳಿಯ ಪಾಲಾಗುತ್ತದೆ. 2ನ್ನು ಅಳಿಸು ಎಂದು ಬರೆದಿಟ್ಟ ಸ್ಕ್ರಿಪ್ಟ್ ಕೈಕೊಡಬಹುದು, ಇಲ್ಲವೇ ಬೇರೆ ಊರಿನ ನಿಯಮವನ್ನೇ ಅಳಿಸಬಹುದು. ಐಡಿಗಳು ಮಾತ್ರ ಕದಲುವುದಿಲ್ಲ: ಹಡಗಲಿ *7 ಆಗಿಯೇ ಉಳಿಯುತ್ತದೆ, ಮೇಲಿನ ಸಾಲಿನಲ್ಲಿ ಕೂತರೂ ಕೊಟ್ಟೂರಿಗೆ ಹೊಸ ಐಡಿ ಸಿಗುತ್ತದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರೂ ಊರು ಅದೇ ಇದ್ದಂತೆ.

ಸ್ಕ್ರಿಪ್ಟ್‌ನಲ್ಲಿ ಈ ಐಡಿಯನ್ನು ಹುಡುಕಿಕೊಡುವುದು ಫೈಂಡ್ ಆದೇಶದ ಕೆಲಸ. ಕಾಮೆಂಟ್ ಹಡಗಲಿ ಎಂದಿರುವುದನ್ನು ಹುಡುಕು ಎಂದರೆ ಅದು *7 ಎಂದು ಮರಳಿಸುತ್ತದೆ. ಅಳಿಸುವ, ಬದಲಿಸುವ ಆದೇಶಗಳಿಗೆ ಅದನ್ನೇ ಒಪ್ಪಿಸಬೇಕು.

ಈ ಏರ್ಪಾಡಿನ ನಿಜವಾದ ಸೊಗಸು ಇಂಟರ್‌ಫೇಸ್‌ಗಳ ವಿಷಯದಲ್ಲಿ ಕಾಣುತ್ತದೆ. ಒಂದು ನಿಯಮವು ಯಾವುದೋ ಇಂಟರ್‌ಫೇಸನ್ನು ಹೆಸರಿಸಿದಾಗ ರೌಟರ್ ಒಳಗೆ ಇಟ್ಟುಕೊಳ್ಳುವುದು ಹೆಸರನ್ನಲ್ಲ, ಐಡಿಯನ್ನು. ಆದ್ದರಿಂದಲೇ ಇಂಟರ್‌ಫೇಸಿನ ಹೆಸರು ಬದಲಿಸಿದ ಕೂಡಲೇ ಅದನ್ನು ಬಳಸುವ ನಿಯಮಗಳಲ್ಲೆಲ್ಲ ಹೊಸ ಹೆಸರು ತಾನಾಗಿ ಮೂಡುತ್ತದೆ, ಒಂದನ್ನೂ ತಿದ್ದಬೇಕಾಗಿಲ್ಲ. ಇಂಟರ್‌ಫೇಸನ್ನೇ ಅಳಿಸಿದರೆ ತೋರಿಸಲು ಹೆಸರಿರುವುದಿಲ್ಲ. ಆಗ ನಿಯಮದಲ್ಲಿ ಬರಿಯ *ಎ ಅಥವಾ *1ಸಿ ಉಳಿಯುತ್ತದೆ. ಇದನ್ನು ಕಂಡು ರೌಟರ್‌ಗೆ ವೈರಸ್ ಹೊಕ್ಕಿದೆ, ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಹೆದರಿ ಪೂರ್ತಿ ರೀಸೆಟ್ ಮಾಡುವುದು ಶುದ್ಧ ಮೂಢನಂಬಿಕೆ. ಚೆನ್ನಾಗಿದ್ದ ಸಂರಚನೆಯೂ ಅದರ ಜೊತೆಗೆ ಹೋಗುತ್ತದೆ. ಹಳೆಯ ಹೆಸರಿನಲ್ಲೇ ಹೊಸ ಇಂಟರ್‌ಫೇಸ್ ಮಾಡಿದರೂ ಆ ನಿಯಮ ಸರಿಯಾಗುವುದಿಲ್ಲ, ಏಕೆಂದರೆ ಹೊಸದಕ್ಕೆ ಐಡಿ ಬೇರೆ. ನಿಯಮವನ್ನು ತೆರೆದು ಇಂಟರ್‌ಫೇಸನ್ನು ಮತ್ತೆ ಆರಿಸಿದರೆ ಸಾಕು.

ಐಡಿಯನ್ನು ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆದಿಡುವುದೂ ಸಲ್ಲದು. ಎಕ್ಸ್‌ಪೋರ್ಟ್ ಕಡತದಲ್ಲಿ ಹೆಸರು, ಕಾಮೆಂಟ್‌ಗಳಿರುತ್ತವೆ, ನಮೂದುಗಳ ಐಡಿ ಇರುವುದಿಲ್ಲ. ಅದನ್ನು ಇನ್ನೊಂದು ರೌಟರ್‌ಗೆ ಹಾಕಿದಾಗ ಎಲ್ಲಕ್ಕೂ ಹೊಸ ಐಡಿ ಸಿಗುತ್ತದೆ, ಅಲ್ಲಿ *7 ಹಡಗಲಿಯೇ ಆಗಿರಬೇಕೆಂದಿಲ್ಲ. ಕಾಮೆಂಟ್ ಹಿಡಿದು ಹುಡುಕುವ ಸ್ಕ್ರಿಪ್ಟ್ ಎರಡೂ ಕಡೆ ಒಂದೇ ರೀತಿ ಓಡುತ್ತದೆ.